ಅಂಕಯ್ಯನ ಶುಂಠಿ ಎಲ್ಲಿಯವರೆಗೆ ಅಂಕಯ್ಯನದು

ಕಟ್ಟೆಮಳಲವಾಡಿಯ ಅಂಕಯ್ಯ ಯಾರಿಗೇ ಆಗಲಿ ಒಂದು ವಸ್ತು ಕೊಟ್ಟು ಸುಮ್ಮನಿರುವ ಆಸಾಮಿಯಲ್ಲ. ಕೊಟ್ಟ ಮಾಲಿನ ಹಿಂದೆ ತಾನೂ ಹೋಗಬೇಕು, ತಗೊಂಡವನು ಚೆನ್ನಾಗಿದೆ ಅನ್ನಬೇಕು, ಆಮೇಲೆಯೇ ಅವನಿಗೆ ಊಟ ಸೇರುವುದು. ಒಂದು ಸಾರಿ ನಮ್ಮ ಮನೆಗೆ ಮೊಟ್ಟೆ ಇಡುವ ಕೋಳಿ ಕೊಟ್ಟಿದ್ದ. ಮಾರನೇ ದಿನ ಬೆಳಗ್ಗೆಯೇ ಬಂದು, ಇಟ್ಟಿತೋ ಇಲ್ಲವೋ ಎಂದು ಬಾಗಿಲಲ್ಲಿ ಕುಳಿತ. ಇಟ್ಟಿರಲಿಲ್ಲ. ಅದು ಇಡುವ ತನಕ ದಿನಾ ಬಂದು ನಮ್ಮ ಪ್ರಾಣ ತಿಂದ.

ಈ ಬುದ್ಧಿ ಅವನಿಗೆ ಹೊಗೆಸೊಪ್ಪಿನಿಂದ ಬಂತು ಅಂತ ನಾನು ಹೇಳುವುದು. ನಮ್ಮ ಕಡೆ ಹೊಗೆಸೊಪ್ಪು ಬೆಳೆದವರಿಗೆಲ್ಲ ಗೊತ್ತು. ಸೊಪ್ಪು ಬೇಯಿಸಿ, ಬೇಲು ಕಟ್ಟಿ, ಹರಾಜಿನ ಕಟ್ಟೆಯಲ್ಲಿ ಸಾಲಾಗಿ ಇಟ್ಟರೆ ಮುಗಿಯಲಿಲ್ಲ. ಕೊಳ್ಳುವವರು ಮುಟ್ಟಿ, ಮೂಸಿ ಮುಂದೆ ಹೋಗುತ್ತಾರೆ. ಯಾರೂ ಕೂಗದ ಬೇಲನ್ನು ಬೆಳೆದವನೇ ವಾಪಸು ಹೇರಿಕೊಂಡು ಬರಬೇಕು. ಅಂಕಯ್ಯ ಎಷ್ಟೋ ಸಾರಿ ಹಾಗೆ ವಾಪಸು ಬಂದ ಬೇಲಿನ ಮೇಲೆ ಕುಳಿತು, ಮುಖ ಊದಿಸಿಕೊಂಡು ಊರಿಗೆ ಬಂದಿದ್ದಾನೆ. ಮಾಲು ಎಷ್ಟು ದೂರ ಹೋದರೂ ತನ್ನ ತಲೆ ಮೇಲೆಯೇ ಇರುತ್ತದೆ ಎಂಬುದು ಅವನಿಗೆ ರಕ್ತಕ್ಕೆ ಇಳಿದುಬಿಟ್ಟಿತ್ತು.

ಆಮೇಲೆ ಅವನು ಶುಂಠಿಗೆ ಬಂದ. ಸುತ್ತಮುತ್ತ ಹುಣಸೂರು, ಕೋಟೆ ಕಡೆ ಹೊಲಕ್ಕೆ ಹೊಲವೇ ಕೊಳೆರೋಗಕ್ಕೆ ಹೋದರೂ ಅಂಕಯ್ಯನ ಶುಂಠಿ ನಿಂತಿತು. ಕಾರಣ ಅವನ ಬೀಜ. ಬೆಳೆ ಹಸಿರಾಗಿರುವಾಗಲೇ ಸಾಲು ಸಾಲು ನಡೆದು, ಒಳ್ಳೆಯ ಬುಡದ ಪಕ್ಕ ಕಡ್ಡಿ ನೆಟ್ಟು ಗುರುತು ಮಾಡುತ್ತಾನೆ. ಅದನ್ನು ಮಾತ್ರ ಬೀಜಕ್ಕೆ ಕಿತ್ತು, ಕೊಟ್ಟಿಗೆಯ ನೆರಳಲ್ಲಿ ಒಣ ಎಲೆ ಹೊದಿಸಿ ಇಡುತ್ತಾನೆ. ವರ್ಷ ವರ್ಷ ಹೀಗೆ ಆರಿಸಿ ಆರಿಸಿ ಉಳಿಸಿಕೊಂಡ ಬೀಜ. ಅದು ಅಂಗಡಿಯಲ್ಲಿ ಸಿಗುವುದಿಲ್ಲ.

ನಾನು ಕೆರೆ ಪಕ್ಕ ಶುಂಠಿ ತೊಳೆಯುವ ಕಣ ಇಟ್ಟುಕೊಂಡವನು. ಮೂಟೆ ತೊಟ್ಟಿಗೆ ಸುರಿದು, ಮೋಟಾರಿನ ನೀರು ರಭಸವಾಗಿ ಬಿಟ್ಟು, ಮಣ್ಣು ಬಿಡಿಸಿ, ಒಣಗಿಸಿ ಕೊಡುತ್ತೇನೆ. ಬೀಜದ ಶುಂಠಿಯನ್ನು ಮಾತ್ರ ಯಾರೂ ತೊಳೆಯುವುದಿಲ್ಲ. ಅದು ಮೈಗೆ ಮಣ್ಣು ಮೆತ್ತಿಕೊಂಡೇ ಇರಬೇಕು. ಆ ನೀರಿಗೆ ಸಿಕ್ಕಿ ಮೊಳಕೆಯ ಕಣ್ಣು ಕಿತ್ತುಕೊಂಡ ಶುಂಠಿ ಸಾರಿಗೆ, ಟೀಗೆ ಆಗುತ್ತದೆ, ನೆಲಕ್ಕೆ ಆಗುವುದಿಲ್ಲ.

ಈ ವರ್ಷ ನಮ್ಮ ಕಡೆಯ ಕೊಪ್ಪದ ಕಿರಣ್‌ಕುಮಾರ್ ಅಂಕಯ್ಯನ ಶುಂಠಿಯನ್ನು ಶಾರ್ಜಾಕ್ಕೆ ಕೊಡಿಸಿದ. ಅವನು ಹೊರದೇಶಕ್ಕೆ ಮಾಲು ಕಳಿಸುವವನು, ಕೊಳ್ಳುವವನು ಅಲ್ಲಿ ತರಕಾರಿ ವ್ಯಾಪಾರ ಮಾಡುವ ಒಬ್ಬ ಮಲಯಾಳಿ. ಕರಾರು ಎಫ್‌ಒಬಿ ಕೊಚ್ಚಿ ಅಂತ. ಹಾಗೆಂದರೇನು ಎಂದು ಕಿರಣ್ ನಮ್ಮ ಕಣದಲ್ಲೇ ಕುಳಿತು ಬಿಡಿಸಿ ಹೇಳಿದ. ಕೊಚ್ಚಿಯಲ್ಲಿ ಹಡಗಿನ ಮೇಲೆ ಇಡುವವರೆಗೆ ಖರ್ಚು, ನಷ್ಟ ಎಲ್ಲ ನಮ್ಮದು. ಇಟ್ಟ ಮೇಲೆ ಕೊಂಡವನದು. ಹಡಗಿನ ಬಾಡಿಗೆ ಅವನೇ ಕೊಡುತ್ತಾನೆ, ವಿಮೆ ಬೇಕಾದರೆ ಅವನೇ ಮಾಡಿಸಿಕೊಳ್ಳುತ್ತಾನೆ. ಬೇರೆ ಥರದ ಕರಾರೂ ಇವೆ, ಕೆಲವುಗಳಲ್ಲಿ ಆಚೆ ದಡ ಮುಟ್ಟಿಸುವ ತನಕ ಮಾರಿದವನೇ ಹೊಣೆ, ಆದರೆ ನಮ್ಮದು ಅದಲ್ಲ ಎಂದೂ ಹೇಳಿದ. ಅಂಕಯ್ಯ ಎಲ್ಲಕ್ಕೂ ಹೂಂಗುಟ್ಟಿದ. ಅವನ ಕಿವಿಗೆ ಹೋಯಿತು, ತಲೆಗೆ ಹೋಗಲಿಲ್ಲ.

ಮಾಲು ಹೊರಟ ದಿನ ತಾನೂ ಲಾರಿ ಹತ್ತಿದ. ಬಂದರಿನ ಗೇಟಿನಲ್ಲಿ ಇವನನ್ನು ಇಳಿಸಿ ಲಾರಿಯನ್ನು ಮಾತ್ರ ಒಳಗೆ ಬಿಟ್ಟರು. ವಾಪಸು ಬಂದವನು ನನ್ನ ಕಣದಲ್ಲಿ ಕುಳಿತು, "ತಾನೊಂದೇ ಹೋಯ್ತಾ ಅದೆ ಕಣ್ಲಾ ಕರಿಯಪ್ಪ, ಕಡಲ ಮ್ಯಾಲೆ" ಎಂದ. ಮಗಳನ್ನು ಕಳಿಸಿಕೊಟ್ಟವನ ಥರ ಇತ್ತು ಮುಖ.

ಆಮೇಲೊಂದು ಬೆಳಗ್ಗೆ ಅವನ ಟ್ರ್ಯಾಕ್ಟರು ನಮ್ಮ ಕಣಕ್ಕೆ ಬಂತು. ಟ್ರೈಲರು ತುಂಬ ಮೂಟೆ, ಮೂಟೆಗಳ ಮೇಲೆ ಅವನ ಹೆಂಡತಿ ಕೆಂಪಾಜಮ್ಮ, ಸೆರಗು ಬಾಯಿಗೆ ಒತ್ತಿಕೊಂಡು. ಅವನ ಕೊಯ್ಲು ಮುಗಿದಿತ್ತಲ್ಲ, ಇದೆಲ್ಲಿಯ ಶುಂಠಿ ಎಂದುಕೊಳ್ಳುವಷ್ಟರಲ್ಲಿ ಅವನೇ ಒಂದು ಮೂಟೆ ಬಿಚ್ಚಿ ತೊಟ್ಟಿಗೆ ಸುರಿದ. ನೀರು ಓಡುತ್ತಲೇ ಇತ್ತು. ಮಣ್ಣಿನ ಜೊತೆ ಒಣ ಎಲೆ ತೇಲಿ ಬಂತು. ಗಡ್ಡೆಗಳ ಮೇಲೆ ಎಳೆ ಕಣ್ಣುಗಳು ಹಳದಿಯಾಗಿ ಕಂಡವು. ಮೋಟಾರು ಆರಿಸಿಬಿಟ್ಟೆ.

ಬಾಯಿಗೆ ಬಂದಂತೆ ಬೈದೆ. ಬೀಜ ತಂದು ತೊಳೆಸುವ ಮುಟ್ಠಾಳನನ್ನು ನಾನು ಈ ಕೆಲಸಕ್ಕೆ ಬಂದಾಗಿನಿಂದ ನೋಡಿಲ್ಲ ಎಂದೆ. ಅಂಕಯ್ಯ ಫೋನು ತೆಗೆದು ಮುಂದೆ ಹಿಡಿದ. ಶಾರ್ಜಾದ ಮಲಯಾಳಿ ನೇರವಾಗಿ ಇವನಿಗೇ ಕಳಿಸಿದ ಫೋಟೋಗಳು. ಮಾಲು ಹೋದ ಕಂಟೇನರಿನ ಬಾಗಿಲ ಕಡೆಯ ಚೀಲಗಳಲ್ಲಿ ಶುಂಠಿಗೆ ಬೂಸ್ಟು ಬಂದಿತ್ತು.

"ಕೆಟ್ಟೋದಷ್ಟನ್ನ ತುಂಬ್ಕೊಡ್ಬೇಕಲ್ಲಪ್ಪ. ಮನೇಲಿ ಇರೋದು ಇದೊಂದೇಯ."

"ಕೊಡು ಅಂತ ಕೇಳಿದ್ನಾ ಅವ್ನು?"

"ಬಾಯ್ಬುಟ್ಟು ಕೇಳ್ಬೇಕಾ? ಪೋಟ ಕಳಿಸವ್ನಲ್ಲ."

"ಬೀಜ ತೊಳ್ದು ಕಳಿಸ್ಬುಟ್ಟು ಆಮ್ಯಾಕೆ ಹೊಲಕ್ಕೆ ಏನ್ ನೆಡ್ತೀಯಣ್ಣ? ನನ್ ತಲೆ ನೆಡ್ತೀಯಾ?"

"ನಿನ್ ತಲೆ ನೆಟ್ರೆ ಬರೀ ಮೆಣಸಿನ್‌ಕಾಯಿ ಬುಡೋದು" ಎಂದು ಅವನು ಇನ್ನೊಂದು ಮೂಟೆಗೆ ಕೈ ಹಾಕಿದ.

ಕೆಂಪಾಜಮ್ಮ ಆ ಮೂಟೆಯ ಮೇಲೆಯೇ ಕುಳಿತಳು. "ಯೋಳಿ ಯೋಳಿ ಸಾಕಾಯ್ತು ಕಣಣ್ಣ. ಕೆಟ್ಟ ಮಾಲು ಕೊಟ್ಟೋನು ಅನ್ನಿಸ್ಕಳಲ್ಲ ಅಂತವ್ರೆ. ಊಟ ಬುಟ್ಟು ಕೂತವ್ರೆ. ಈಗ ನಾನೂ ಏಳಾಕಿಲ್ಲ ಇಲ್ಲಿಂದ."

ನಾನು ಕಿರಣ್‌ಗೆ ಫೋನು ಮಾಡಿ ಅವನಿಗೂ ನಾಲ್ಕು ಬೈದೆ. ಅವನು ಬೈಕು ಹತ್ತಿ ಕೊಪ್ಪದಿಂದ ಬಂದ. ಅವನು ಬರುವ ತನಕ ಗಂಡ ತೊಟ್ಟಿಯ ಕಟ್ಟೆಯ ಮೇಲೆ, ಹೆಂಡತಿ ಮೂಟೆಯ ಮೇಲೆ, ಇಬ್ಬರೂ ಮುಖ ತಿರುಗಿಸಿಕೊಂಡು ಕುಳಿತಿದ್ದರು. ಕಿರಣ್ ಫೋಟೋ ನೋಡಿ ಮೊದಲು ಕೇಳಿದ್ದು ನನ್ನನ್ನು. ಚೀಲಕ್ಕೆ ತುಂಬುವಾಗ ಶುಂಠಿ ಚೆನ್ನಾಗಿ ಒಣಗಿತ್ತಾ ಎಂದು. ಹಸಿ ಇದ್ದಾಗಲೇ ತುಂಬಿದ್ದರೆ, ಹಡಗು ಹತ್ತಿದ ಮೇಲೆ ಬೂಸ್ಟು ಬಂದರೂ ತಪ್ಪು ನಮ್ಮ ಕಡೆಯದೇ ಆಗುತ್ತದಂತೆ. ಅದನ್ನು ಕೇಳಿ ಅಂಕಯ್ಯ ಬಿಳಿಚಿಕೊಂಡ. ಆದರೆ ನಾನೇ ನಿಂತು ಮಗುಚಿ ಮಗುಚಿ ಒಣಗಿಸಿದ ಮಾಲು ಅದು, ಹಾಗೇ ಹೇಳಿದೆ.

ಕಿರಣ್ ಅಲ್ಲಿಂದಲೇ, ಕೊಚ್ಚಿಯಲ್ಲಿ ಮಾಲು ಹಡಗಿಗೆ ಹತ್ತಿಸಿದ ಏಜೆಂಟನಿಗೆ ಫೋನು ಮಾಡಿದ. ಕಂಟೇನರು ಮುಚ್ಚುವಾಗ ಮಾಲು ಚೆನ್ನಾಗಿ ಒಣಗಿತ್ತು, ಹಡಗಿನ ಮೇಲೆ ಇಡುವಾಗಲೂ ಅದರ ತಂಪಿನ ಯಂತ್ರ ಓಡುತ್ತಿತ್ತು, ತಾನೇ ವಿಚಾರಿಸಿದ್ದೇನೆ ಎಂದು ಆ ಮನುಷ್ಯ ಖಡಾಖಂಡಿತವಾಗಿ ಹೇಳಿದ. ಆಮೇಲೆ ಶಾರ್ಜಾ. ಫೋನನ್ನು ಎಲ್ಲರಿಗೂ ಕೇಳುವಂತೆ ತೊಟ್ಟಿಯ ಕಟ್ಟೆಯ ಮೇಲಿಟ್ಟು ಕಿರಣ್ ಮಲಯಾಳದಲ್ಲಿ ಮಾತಾಡಿದ. ಮಧ್ಯೆ ಆ ಕಡೆಯವನು ಜೋರಾಗಿ ನಕ್ಕದ್ದು ಕೇಳಿಸಿತು. ಅಂಕಯ್ಯ, ಅವನ್ಯಾಕೆ ನಗುತ್ತಾನೆ, ಯಾಕೆ ನಗುತ್ತಾನೆ ಎಂದು ಕಿರಣ್‌ನ ತೋಳು ಜಗ್ಗುತ್ತಿದ್ದ.

"ಬೇರೆ ಶುಂಠಿ ಕಳಿಸ್ತೀವಿ ಅಂದಿದ್ಕೆ ನಗ್ತಾವ್ನೆ" ಎಂದ ಕಿರಣ್. "ದಾರೀಲಿ ಎಲ್ಲೋ ತಂಪಿನ ಮಿಷನ್ ನಿಂತೋಗದೆ. ಹಡಗಿನ ಮ್ಯಾಲೆ ಆಗಿದ್ದು ನನ್ನ ಪಾಡು, ಹಡಗಿನೋರ ಹತ್ರ, ವಿಮೆಯೋರ ಹತ್ರ ನಾನು ನೋಡ್ಕತೀನಿ, ಅಂಕಯ್ಯಂಗೆ ಏನ್ ಸಂಬಂಧ ಅಂತಾನೆ. ಹತ್ತುವಾಗ ಮಾಲು ಎಂಗಿತ್ತು ಅಂತ ತಿಳ್ಕಳಕ್ಕೆ ಪೋಟ ಕಳಿಸಿದ್ದು, ಅಷ್ಟೇಯ. ಇನ್ನೊಂದ್ ಮಾತು ಅಂದ. ಒಳಗಡೆ ಚೀಲದ್ದೆಲ್ಲ ಬಲು ಚೆನ್ನಾಗದಂತೆ. ಮುಂದಿನ್ ವರ್ಷಾನೂ ಇದೇ ಶುಂಠಿ ಬೇಕಂತೆ."

ಅಂಕಯ್ಯ ಹೆಂಡತಿ ಕುಳಿತಿದ್ದ ಮೂಟೆಯನ್ನು ನೋಡಿದ. ಇದೇ ಶುಂಠಿ ಬೇಕೆಂದರೆ ಅದು ಹುಟ್ಟಬೇಕಾದದ್ದು ಆ ಮೂಟೆಯಿಂದಲೇ. ಆಮೇಲೆ ಮೆತ್ತಗೆ ಕೇಳಿದ:

"ಅಂಗಾರೆ ಆ ಬೂಸ್ಟು ಬಂದಿರೋದು ನಂದಲ್ವಾ?"

"ಅಲ್ಲ" ಎಂದ ಕಿರಣ್.

"ಮನೆಗೆ ವಾಪಸ್ ಬರಾಕಿಲ್ವಾ?"

"ಇಲ್ಲ ಕಣಣ್ಣ."

ಅಂಕಯ್ಯ ಎದ್ದು ಮುಖ ತೊಳೆದುಕೊಂಡು, ಊಟಕ್ಕೆ ಏನಿದೆ ಎಂದು ಕೇಳಿದ. ಕೆಂಪಾಜಮ್ಮನಿಗೆ ಅಳು, ನಗು ಒಟ್ಟಿಗೆ ಬಂತು. ನಮ್ಮ ಮನೆಯಿಂದ ಬಿಸಿ ಮುದ್ದೆ, ಉಪ್ಸಾರು ತರಿಸಿದೆ. ಬರಗೆಟ್ಟವನ ಥರ ಉಂಡ. ಮೂಟೆ ಹೇರಿದ್ದ ಟ್ರ್ಯಾಕ್ಟರು ಹೇಗೆ ಬಂದಿತ್ತೋ ಹಾಗೇ ವಾಪಸು ಹೋಯಿತು. ಮೂಟೆ ವಾಪಸು ಹೇರಿಕೊಂಡು ಹೋಗುವಾಗ ಅಂಕಯ್ಯ ನಗುತ್ತಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಾರಿ.

ತೊಟ್ಟಿಗೆ ಬಿದ್ದಿದ್ದ ಒಂದು ಮೂಟೆ ಮಾತ್ರ ಬೀಜಕ್ಕೆ ದಕ್ಕಲಿಲ್ಲ. ಕೆಂಪಾಜಮ್ಮ ಅದನ್ನು ಕೇರಿಯ ಮನೆಮನೆಗೂ ಹಂಚಿದಳು, ನಮಗೂ ಮೊರದ ತುಂಬ ಕೊಟ್ಟಳು. ಮಾರನೇ ದಿನ ಬೆಳಗ್ಗೆ ಬಾಗಿಲು ತೆಗೆದರೆ ಜಗುಲಿಯ ಮೇಲೆ ಅಂಕಯ್ಯ.

"ಟೀಗೆ ಆಕಿದ್ರಾ? ಎಂಗಿತ್ಲಾ, ಖಾರ ಇತ್ತಾ?"

ನನಗೆ ರೇಗಿತು. "ನಮ್ಮನೆ ಹೊಸ್ಲು ದಾಟಿದ್ಮ್ಯಾಲೆ ಅದು ನಮ್ದು ಕಣಣ್ಣ. ಖಾರ ಇದ್ರೂ ನಮ್ದು, ಸಪ್ಪೆ ಇದ್ರೂ ನಮ್ದು. ಎದ್ದು ಬೀಜ ನೋಡ್ಕೋ ಓಗು."

ಅವನು ತಲೆ ಕೆರೆದುಕೊಂಡ. ಸರಿ ಎಂದು ಎದ್ದ. ಟೀ ಮಾತ್ರ ಕುಡಿದೇ ಹೋದ.