ಅರ್ಧ ಗಾಡಿ ಬೇರೆ ದಾರಿ ಹಿಡಿದಾಗ

ಗಾಡಿ ಯಾವುದಾದರೂ ಜಂಕ್ಷನ್‌ನಲ್ಲಿ ನಿಂತು ಸಣ್ಣದೊಂದು ಧಕ್ಕೆ ಕೊಟ್ಟರೆ ಸಾಕು, ಈ ವಯಸ್ಸಿನಲ್ಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಮೊಮ್ಮಕ್ಕಳು ನಗುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಟಗೇರಿಯ ನೇಕಾರರ ಮನೆಯ ಮಗಳು. ಗದಗಿನ ತರಬೇತಿ ಕೇಂದ್ರವೊಂದರಲ್ಲಿ ಹೆಣ್ಣುಮಕ್ಕಳಿಗೆ ಮಗ್ಗದ ಕೆಲಸ ಕಲಿಸುತ್ತಿದ್ದೆ. ಅಲ್ಲಿಂದಲೇ ನನ್ನನ್ನು ಕೆಲವು ತಿಂಗಳ ತರಬೇತಿಗೆಂದು ಜರ್ಮನಿಗೆ ಕಳಿಸಿದರು. ಅಲ್ಲಿಯವರೆಗೆ ನಾನು ಹುಬ್ಬಳ್ಳಿಗೂ ಒಬ್ಬಳೇ ಹೋದವಳಲ್ಲ. ಮುಂಡರಗಿಯ ಸೋದರತ್ತೆಯ ಮನೆಗೆ ಹೋಗಬೇಕಾದರೂ ಅಣ್ಣ ಜೊತೆಗೆ ಬರುತ್ತಿದ್ದ. ಹೊರಡುವ ದಿನ ಅವ್ವ ಬಟ್ಟೆಯ ಸಣ್ಣ ಚೀಲವೊಂದನ್ನು ಹೊಲಿದು ನನ್ನ ಸೊಂಟಕ್ಕೆ ಕಟ್ಟಿದಳು.

“ಕಾಗದಪತ್ರ ಎಲ್ಲಾ ಇದರಾಗ ಇರ್ಲಿ. ಕೈಚೀಲದಾಗ ಇಡಬ್ಯಾಡ. ಅಲ್ಲಿ ನಮ್ಮ ಮಂದಿ ಯಾರರೆ ಅದಾರೇನವಾ ಕೇಳಾಕ?”

ತರಬೇತಿ ಮುಗಿದ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಕೈಮಗ್ಗ ನಡೆಸುವ ಗಂಡ ಹೆಂಡತಿ ತಮ್ಮಲ್ಲಿಗೆ ಬಂದು ಹೋಗಲು ಕರೆದರು. ಜೊತೆಗೆ ಬರುವವರು ಯಾರೂ ಇರಲಿಲ್ಲ. ಬೆಳಿಗ್ಗೆ ಗಾಡಿ ಹತ್ತಿದೆ. ಪಾಸ್‌ಪೋರ್ಟ್ ಕೇಳಿದಾಗಲೆಲ್ಲ ಸೀರೆಯ ನೆರಿಗೆಯೊಳಗೆ ಕೈ ಹಾಕಿ ತೆಗೆಯುವುದು ನಾಚಿಕೆ ಅನ್ನಿಸಿ, ಅಂದು ಅದನ್ನೂ ಟಿಕೆಟನ್ನೂ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ.

ನನ್ನೆದುರು ಒಬ್ಬ ಮುದುಕಿ ಕೂತಿದ್ದಳು. ಚಾಕುವಿನಿಂದ ಸೇಬು ಹೆಚ್ಚಿ ನನಗೊಂದು ಹೋಳು ಕೊಟ್ಟಳು. ಆಕೆಗೆ ಇಂಗ್ಲಿಷ್ ಬಾರದು, ನನಗೆ ಜರ್ಮನ್ ನಾಲ್ಕು ಮಾತು ಬಂದರೆ ಹೆಚ್ಚು. ಗಾಡಿ ದೊಡ್ಡ ಜಂಕ್ಷನ್ನೊಂದರ ಹತ್ತಿರ ಬಂದಾಗ ನಾನು ಶೌಚಕ್ಕೆ ಎದ್ದೆ. ಚೀಲ ನೋಡಿಕೊಳ್ಳಿ ಎಂದು ಕೈಸನ್ನೆ ಮಾಡಿದೆ. ನಮ್ಮ ಡಬ್ಬಿಯ ಶೌಚಾಲಯಕ್ಕೆ ಬೀಗ ಹಾಕಿತ್ತು. ಮುಂದಿನ ಡಬ್ಬಿಗೆ ಹೋದೆ. ಒಳಗಿದ್ದಾಗ ಗಾಡಿ ನಿಂತಿತು, ಸಣ್ಣಗೆ ಧಕ್ಕೆ ಕೊಟ್ಟಿತು, ಸ್ವಲ್ಪ ಹೊತ್ತಿಗೆ ಮತ್ತೆ ಹೊರಟಿತು.

ಹೊರಗೆ ಬಂದು ಡಬ್ಬಿಯ ಕೊನೆಯ ಬಾಗಿಲು ಎಳೆದೆ. ತೆಗೆಯಲಿಲ್ಲ. ಗಾಜಿನಾಚೆ ನೋಡಿದರೆ ಬರೀ ಹಳಿ. ದೂರದ ಪ್ಲಾಟ್‌ಫಾರ್ಮಿನಲ್ಲಿ ನನ್ನ ಡಬ್ಬಿ ನಿಂತೇ ಇತ್ತು, ನಿಂತಲ್ಲೇ ಚಿಕ್ಕದಾಗುತ್ತಿತ್ತು.

ಗದಗ ಜಂಕ್ಷನ್‌ನಲ್ಲಿ ಗಾಡಿಯಿಂದ ಡಬ್ಬಿ ಕಡಿದು ಬೇರೆ ಮಾಡುವುದನ್ನು ಸಣ್ಣಂದಿನಿಂದ ನೋಡಿದವಳು ನಾನು. ಅಲ್ಲಾದರೆ ಕೂಗಾಟ, ಸೀಟಿ, ಓಡಾಟ, ಊರಿಗೆಲ್ಲ ಗೊತ್ತಾಗುತ್ತಿತ್ತು. ಇಲ್ಲಿ ಕೂಗಿ ಹೇಳಿದ್ದರೂ ನನಗೆ ತಿಳಿಯುತ್ತಿರಲಿಲ್ಲ.

ಟಿಕೆಟ್ ನೋಡುವವನು ಬಂದ. ಎತ್ತರದ ಆಳು, ಮುಖದಲ್ಲಿ ನಗುವಿಲ್ಲ. ಅವನು ಕೈ ಚಾಚಿದಾಗ ನನ್ನ ಬಾಯಿಂದ ಇಂಗ್ಲಿಷ್ ಹೊರಡಲೇ ಇಲ್ಲ.

“ನನ್ನ ಚೀಲಾ ಆ ಡಬ್ಬ್ಯಾಗ ಉಳದೈತ್ರೀ! ಗಾಡಿ ನಿಂದರಸ್ರೀ!” ಎಂದು ಬೆಟಗೇರಿಯ ಓಣಿಯಲ್ಲಿ ನಿಂತವಳಂತೆ ಕೂಗಿದೆ.

ಅವನು “ಪಾಸ್‌ಪೋರ್ಟ್?” ಎಂದ. ಇಲ್ಲವೆಂದು ತಲೆಯಾಡಿಸಿದೆ. ಈ ಅರ್ಧ ಗಾಡಿ ಆಸ್ಟ್ರಿಯಾಕ್ಕೆ ಹೋಗುತ್ತದೆ, ಮುಂದೆ ಅದರ ಗಡಿ ಎಂದು ಅರೆಬರೆ ಇಂಗ್ಲಿಷಿನಲ್ಲಿ ತಿಳಿಸಿ, ಗಡಿಗೆ ಮುಂಚಿನ ಸಣ್ಣ ಸ್ಟೇಶನ್ನಿನಲ್ಲಿ ನನ್ನನ್ನು ಇಳಿಸಿ, ಅಲ್ಲಿಯ ಸ್ಟೇಶನ್ ಮಾಸ್ತರನಿಗೆ ಒಪ್ಪಿಸಿ ಹೋದ.

ಹೊರಗೆಲ್ಲ ಹಿಮ. ನನ್ನ ಕೋಟು ಆ ಡಬ್ಬಿಯಲ್ಲೇ ಉಳಿದಿತ್ತು. ಸೀರೆ, ಮೇಲೊಂದು ಸ್ವೆಟರು, ಕಾಲುಚೀಲದ ಮೇಲೆ ಚಪ್ಪಲಿ. ಮಾಸ್ತರ ಕುರ್ಚಿ ತೋರಿಸಿ ಒಂದಾದ ಮೇಲೊಂದು ಫೋನ್ ಮಾಡತೊಡಗಿದ. ಅಷ್ಟರಲ್ಲಿ ಇಬ್ಬರು ಪೊಲೀಸರು ಬಂದು ಬಾಗಿಲ ಬಳಿ ನಿಂತರು. ಜೈಲಿಗೇ ಒಯ್ಯುತ್ತಾರೆ ಎಂದುಕೊಂಡೆ. ನಾನು ಯಾರೆಂದು ಹೇಳುವ ಒಂದು ಚೂರು ಕಾಗದ ಮೈಮೇಲಿಲ್ಲ. ಇಲ್ಲೇ ಏನಾದರೂ ಆದರೆ ಅವ್ವನಿಗೆ ಯಾರು ಹೇಳಬೇಕು, ಯಾವ ಭಾಷೆಯಲ್ಲಿ ಹೇಳಬೇಕು? ಒಬ್ಬ ಪೊಲೀಸ್ ಬಿಸಿ ಚಹಾ ತಂದಿಟ್ಟ. ಕಪ್ಪನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತೆ.

ಕೊನೆಗೆ ಮಾಸ್ತರ ಫೋನ್ ಕೈಯಲ್ಲಿ ಹಿಡಿದೇ ನನ್ನತ್ತ ತಿರುಗಿದ. “ಕಂದು ಚೀಲ? ಕಪ್ಪು ಕೋಟು?”

ಹೌದು, ಹೌದು ಎಂದೆ. ಅವನು “ಕಾಯಿರಿ” ಎಂದಷ್ಟೇ ಹೇಳಿದ.

ಮುಂದಿನ ಗಾಡಿಯಿಂದ ಆ ಮುದುಕಿಯೇ ಇಳಿದಳು. ನಾನು ಮರಳಿ ಬಾರದ್ದು ಕಂಡು, ತನ್ನ ಪ್ರಯಾಣ ಬಿಟ್ಟು ಜಂಕ್ಷನ್‌ನಲ್ಲೇ ಇಳಿದು, ಸ್ಟೇಶನ್ನಿನವರಿಗೂ ಚೀಲ ಕೊಡದೆ ತಾನೇ ತಂದಿದ್ದಳು. ಬಂದವಳೇ ನನಗೆ ಕೋಟು ತೊಡಿಸಿ, ಗುಂಡಿ ಹಾಕುತ್ತ ಜೋರಾಗಿ ಬಯ್ದಳು. ಒಂದು ಮಾತೂ ತಿಳಿಯಲಿಲ್ಲ. ಆದರೆ ಬೈಗುಳವೆಂದು ತಿಳಿಯಿತು. ನಾನು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತೆ.

ಇಬ್ಬರೂ ಜಂಕ್ಷನ್ನಿಗೆ ಹಿಂತಿರುಗಿ ಸರಿಯಾದ ಗಾಡಿ ಹತ್ತಿದೆವು. ತನ್ನ ಊರು ಬರುವವರೆಗೂ ಆಕೆ ನನ್ನ ಮಣಿಕಟ್ಟು ಬಿಡಲಿಲ್ಲ. ಆಕೆ ಇಳಿದು ಹೋದ ಮೇಲೆ ಮಾತ್ರ ಹೆದರಿಕೆ ಮತ್ತೆ ಬಂದು ಪಕ್ಕದಲ್ಲೇ ಕೂತಂತಾಯಿತು. ಚೀಲವನ್ನು ಎದೆಗವಚಿಕೊಂಡು, ಬಾಯಾರಿದರೂ ನೀರು ಕುಡಿಯದೆ, ಪ್ರತಿ ಸ್ಟೇಶನ್ನಿನಲ್ಲೂ ಕಿಟಕಿಯಿಂದ ಹಿಂದಿನ ಡಬ್ಬಿಗಳಿವೆಯೇ ಎಂದು ನೋಡುತ್ತ ಹೋದೆ.

ಮಗ್ಗದ ಮನೆಯವರು ಸ್ಟೇಶನ್ನಿಗೆ ಬಂದಿದ್ದರು. ಪ್ರಯಾಣ ಹೇಗಿತ್ತು ಎಂದು ಕೇಳಿದರು. ನಾನು ಮೊದಲು ಅಲ್ಲಿದ್ದ ಬೆಂಚಿನ ಮೇಲೆ ಕೂತು, ಪಾಸ್‌ಪೋರ್ಟನ್ನು ಕೈಚೀಲದಿಂದ ತೆಗೆದು ಅವ್ವ ಕಟ್ಟಿದ ಸೊಂಟದ ಚೀಲಕ್ಕೆ ಸೇರಿಸಿದೆ.