ಹಿಂದಿನಿಂದ ಕರೆಯುವವರು

ಕಲಬುರಗಿಯಲ್ಲಿ ಬಸ್ಸಿಳಿದ ಶೇವಂತಾ ಮೊದಲು ಬಟ್ಟೆಯ ಸಿಂಬಿಯನ್ನು ತಲೆಗಿಟ್ಟುಕೊಂಡಳು, ಅದರ ಮೇಲೆ ಬಾಳೆಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿ ಏನೂ ಇರಲಿಲ್ಲ.

"ಅಕ್ಕಾ, ಗಾಳಿ ಏನ್ ಭಾವ ಕೊಡ್ತಿ?" ಕಂಡಕ್ಟರ್ ಶಫಿ ಬಾಗಿಲಲ್ಲಿ ನಿಂತು ನಕ್ಕ.

"ನಿನಗ ಪುಕ್ಕಟೆ ತಗೋ," ಎಂದಳು, ಅವನತ್ತ ತಿರುಗದೆ.

ತಿರುಗಿದರೆ ಬೀಳುತ್ತಿದ್ದಳು. 1953ರ ಬೇಸಿಗೆಯಲ್ಲಿ ಬಂದ ಜ್ವರ ಇಳಿದಿತ್ತು. ಆದರೆ ಒಂದು ಕಿವಿಯೊಳಗೆ ಮೈಯನ್ನು ನೆಟ್ಟಗೆ ನಿಲ್ಲಿಸುವ ಶಕ್ತಿ ಕೆಟ್ಟುಹೋಗಿತ್ತು. ತಲೆ ಹೊರಳಿಸಿದ ಕೂಡಲೇ ನೆಲ ಒಂದು ಬದಿಗೆ ಜಾರುತ್ತಿತ್ತು. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಬಂಗಲೆಗಳಿಗೆ ಹೊತ್ತು ಮಾರುವುದು ಅವಳ ಬದುಕಾಗಿತ್ತು. ಒಮ್ಮೆ ನಡುರಸ್ತೆಯಲ್ಲಿ ಹಣ್ಣಿನ ಸಮೇತ ಬಿದ್ದಾಗ, ಸೇಂದಿ ಕುಡಿದಿದ್ದಾಳೆಂದು ಜನ ಸುತ್ತ ನಿಂತು ನೋಡಿದರು. ಆಮೇಲೆ ತೋಟದವರು ಅವಳಿಗೆ ಹಣ್ಣು ಕೊಡಲಿಲ್ಲ. ಖಾಲಿಯಾದರೂ ಸರಿ, ತಲೆಯ ಮೇಲೆ ಬುಟ್ಟಿಯಿದ್ದರೆ ಕತ್ತು ಅಲುಗುವುದಿಲ್ಲ. ಕಾಲು ದಾರಿ ತಪ್ಪುವುದಿಲ್ಲ.

ಆಸ್ಪತ್ರೆಯ ನರ್ಸ್ ಅಕ್ಬರಿ ಬೇಗಂ ಆ ಬುಟ್ಟಿಯನ್ನೇ ಇಳಿಸಿಟ್ಟರು. ಹೈದರಾಬಾದಿನಲ್ಲಿ ಕಲಿತು ಬಂದಿದ್ದ ಅವರ ಪ್ರಕಾರ ಇದಕ್ಕೆ ಅಭ್ಯಾಸವೇ ಔಷಧ. ತಲೆ ತಿರುಗಿಸಬೇಕು, ಚಕ್ಕರ್ ಬಂದರೂ ಮತ್ತೆ ತಿರುಗಿಸಬೇಕು. ಕೆಟ್ಟ ಕಿವಿಯ ಕೆಲಸವನ್ನು ಕಣ್ಣು, ಕಾಲು ನಿಧಾನಕ್ಕೆ ಕಲಿಯುತ್ತವೆ. ಕೂತಲ್ಲೇ ಹೆಬ್ಬೆರಳು ನೋಡುತ್ತ ತಲೆ ಆಡಿಸುವುದು ಶೇವಂತಾಗೆ ಬಂದಿತ್ತು. ಉಳಿದದ್ದು ಒಂದು: ನಡೆಯುವಾಗ ಯಾರಾದರೂ ಹಿಂದಿನಿಂದ ಕರೆಯಬೇಕು, ಅವಳು ನಿಲ್ಲದೆ ತಿರುಗಿ ನೋಡಬೇಕು.

ನೆರೆಮನೆಯ ಬಂಡೆಮ್ಮನನ್ನು ಕೇಳಿದ್ದಳು.

"ಹೊಂಟವ್ರನ್ನ ಹಿಂದಿಂದ ಕರೀಬಾರ್ದವಾ, ಕೆಟ್ಟಾಗ್ತದ. ಆ ಪಾಪ ನನಗ್ಯಾಕ?" ಎಂದು ಬಂಡೆಮ್ಮ ಒಳಗೆ ಹೋಗಿದ್ದಳು. ಶೇವಂತಾಳ ಮನೆಯಲ್ಲಿ ಅವಳೊಬ್ಬಳೇ.

"ಮನ್ಯಾಗ ಯಾರ್ ಕರ್ಯಾಕತ್ತಾರ?" ಅಕ್ಬರಿ ಬೇಗಂ ಕೇಳಿದರು.

"ನಮ್ಮನಿಯವ್ರು, ನರ್ಸಬಾಯಿ."

"ಏನಂತ ಕರೀತಾರ?"

"ಗಂಡಸ್ರು ಹೆಸರೆಲ್ಲಿ ಹಿಡೀತಾರ್ರೀ? 'ಏ ಇಕಿನ' ಅಂತಾರ."

"ಹಾಂ. ನಡಿ, ನೋಡೂಣು."

ಬುಟ್ಟಿಯಿಲ್ಲದೆ ಶೇವಂತಾ ವರಾಂಡದಲ್ಲಿ ನಡೆದಳು. ಅಕ್ಬರಿ ಬೇಗಂ ದನಿ ದಪ್ಪ ಮಾಡಿ ಹಿಂದಿನಿಂದ ಕೂಗಿದರು: "ಏ ಇಕಿನ!"

ಅವಳು ಗರಕ್ಕನೆ ತಿರುಗಿದಳು. ಹೆಜ್ಜೆ ತಪ್ಪಿ ಭುಜ ಗೋಡೆಗೆ ಬಡಿಯಿತು. ಆದರೂ ಕಣ್ಣು ನರ್ಸನ್ನು ದಾಟಿ ಬಾಗಿಲ ಕಡೆಗೇ ಇತ್ತು.

"ಕೂಡು. ಖರೇ ಹೇಳು, ಎಲ್ಲಿದ್ದಾರ ಅವರು?"

"ರಜಾಕಾರ್ ಗದ್ದಲದಾಗ ಸೊಲ್ಲಾಪುರಕ್ಕ ಹೋದ್ರು. ಪೊಲೀಸ್ ಆ್ಯಕ್ಷನ್ ಆದ ಮ್ಯಾಲ ಉಳಿದವ್ರೆಲ್ಲ ತಿರುಗಿ ಬಂದ್ರು."

ಅಕ್ಬರಿ ಬೇಗಂ ಬುಟ್ಟಿಯನ್ನೆತ್ತಿ ಕಪಾಟಿನ ಮೇಲಿಟ್ಟರು.

"ಬುಟ್ಟಿ ಇಲ್ಲೇ ಇರ್ಲಿ. ಕರದಾಗ ಬೀಳದಂಗ ತಿರಗೂತನಕ ಕೊಡಂಗಿಲ್ಲ. ವಾರಕ್ಕೊಮ್ಮಿ ಬಾ, ನಾ ಕರೀತೀನಿ."

"'ಇಕಿನ' ಅನಬ್ಯಾಡ್ರಿ, ನರ್ಸಬಾಯಿ. ಹೆಸರ್ಲೆ ಕರೀರಿ."

ಬುಟ್ಟಿ ಆಸ್ಪತ್ರೆಯ ಕಪಾಟಿನ ಮೇಲೆ ಉಳಿಯಿತು. ಶೇವಂತಾ ಗೋಡೆ ಹಿಡಿದುಕೊಂಡು ಬಸ್ಸಿನವರೆಗೆ ನಡೆದಳು. ಮುಂದಿನ ಗುರುವಾರ ಮತ್ತೆ ಬಂದಳು.