ಕಿಟಕಿ ಪಕ್ಕದ ಜಾಗ

ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಬೆಳ್ಳಕ್ಕ ಎಂದು. ಕೂದಲು, ಹುಬ್ಬು, ರೆಪ್ಪೆ ಎಲ್ಲವೂ ಬಿಳಿ. ಹುಟ್ಟಿನಿಂದಲೇ ಮೈಗೆ ಬಣ್ಣವಿರಲಿಲ್ಲ, ಕಣ್ಣೊಳಗೂ ಇರಲಿಲ್ಲ. ಅದರಿಂದಾಗಿ ದೃಷ್ಟಿ ಮಂದ. ಕಣ್ಣುಗುಡ್ಡೆಗಳು ನಿಂತಲ್ಲಿ ನಿಲ್ಲದೆ ಅತ್ತಿತ್ತ ಅದುರುತ್ತಿದ್ದವು. ಬೆಳಕು ಬಿದ್ದರಂತೂ ಮುಗಿಯಿತು, ಎದುರಿಗಿದ್ದದ್ದೆಲ್ಲ ಕರಗಿಹೋಗುತ್ತಿತ್ತು. ಕನ್ನಡಕ ಹಾಕಿದರೂ ಅಷ್ಟೇ. ಆದರೂ ಅಂಗಡಿಯ ಹಿಂದಿನ ಮಬ್ಬು ಮೂಲೆಯಲ್ಲಿ ಕೂತು, ಅಂಗಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಗುಂಡಿ ತೂರಿಸುವ ಕಾಜಾ ಹೊಲಿದು, ಗುಂಡಿ ಹಾಕುತ್ತ ನೆಮ್ಮದಿಯಾಗಿದ್ದಳು.

ಎಡವಟ್ಟಾದದ್ದು ಅಂಗಡಿ ನಡೆಸುವ ಮಾಸ್ಟರ್‌ಗೆ ಕನಿಕರ ಉಕ್ಕಿದ ದಿನ. ಅವಳ ಕುರ್ಚಿಯನ್ನು ಕಿಟಕಿ ಪಕ್ಕಕ್ಕೆ ಎಳೆಸಿ, ತಲೆಯ ಮೇಲೊಂದು ಟ್ಯೂಬ್‌ಲೈಟ್ ಬೇರೆ ಹಾಕಿಸಿದರು.

"ಸರ್, ನನಗೆ ಹಳೇ ಜಾಗಾನೇ ಇರ್ಲಿ."

"ಸಂಕೋಚ ಪಟ್ಕೋಬೇಡಮ್ಮ. ಅಲ್ಲಿ ಇಸ್ತ್ರಿ ಮೇಜು ಬರುತ್ತೆ."

"ಸಂಕೋಚ ಅಲ್ಲ ಸರ್. ಬೆಳಕು ಜಾಸ್ತಿ ಆದ್ರೆ ನನಗೆ ಕಾಣೋದೇ ಇಲ್ಲ."

"ನೀನೇನು ಗೂಬೆನಾ?" ಎಂದರು ಮಾಸ್ಟರ್. ಅಂಗಡಿಗೆ ಅಂಗಡಿಯೇ ನಕ್ಕಿತು.

ಆ ವಾರವೇ ಕಾಜಾ ಕತ್ತರಿಸುವಾಗ ಬಟ್ಟೆ ಗುರುತು ದಾಟಿ ಸೀಳಿಹೋಯಿತು. ಹೊಸ ಅಂಗಿಯ ಎದೆಯೇ ಹಾಳು. "ಇಷ್ಟು ಬೆಳಕು ಕೊಟ್ಟಮೇಲೂ ಹೀಗಾ?" ಎಂದು ಮಾಸ್ಟರ್ ಎಲ್ಲರೆದುರು ರೇಗಿದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ಅವಳಂಥದೇ ಮೈ, ಅವಳಂಥದೇ ಕಣ್ಣಿನ ತಮ್ಮ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದ. ಹಗಲಲ್ಲಿ ಹೊರಗೆ ಬಾ ಎಂದರೆ ಜಗಳಕ್ಕೇ ಬರುತ್ತಿದ್ದ. ವಿಷಯ ಕೇಳಿದ ಅಮ್ಮ ಎಂದಿನಂತೆ ಕಣ್ಣಿಗೆ ಸೆರಗು ಒತ್ತಿಕೊಂಡಳು. "ನನ್ನ ಹೊಟ್ಟೇಲಿ ಹುಟ್ಟಿದ್ದೇ ನಿಮ್ಮ ಕರ್ಮ."

"ಅಮ್ಮ, ಇದು ನಿನ್ನಿಂದ, ಅಪ್ಪನಿಂದ, ಇಬ್ಬರಿಂದ್ಲೂ ಬಂದಿದ್ದು ಅಂತ ಡಾಕ್ಟರ್ ಹೇಳಿಲ್ವಾ? ಅಳೋದು ಬಿಟ್ಟು ಒಂದು ಕಪ್ಪು ಬಟ್ಟೆ ಕೊಡು."

ಆ ಬಟ್ಟೆಯನ್ನು ಮರುದಿನ ಕಿಟಕಿಗೆ ಕಟ್ಟಿದಳು. ಕಾಲರ್ ಹೊಲಿಯುವವಳು ಬಂದವಳೇ ಕಿತ್ತಳು. "ನಮಗೆ ಕಾಣೋದು ಬೇಡ್ವೇನೇ?" ಅವಳು ಹೇಳಿದ್ದೂ ಸರಿಯೇ. ಬೆಳ್ಳಕ್ಕ ಬಟ್ಟೆ ಮಡಚಿಟ್ಟು ಹೊಲಿಯಲು ಕೂತಳು. ಮಧ್ಯಾಹ್ನದ ಹೊತ್ತಿಗೆ ಕಣ್ಣಲ್ಲಿ ನೀರು ಧಾರೆ ಕಟ್ಟಿತು. ಇನ್ನಾಗುವುದಿಲ್ಲ ಎಂದು ಎದ್ದು, ಟ್ಯೂಬ್‌ಲೈಟ್ ಆರಿಸಿ, ಕುರ್ಚಿಯನ್ನು ದರದರ ಎಳೆದು, ಕಿಟಕಿಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ಕೂತಳು. ಸುಣ್ಣದ ಗೋಡೆಯೂ ಕಣ್ಣಿಗೆ ಹೊಡೆಯುತ್ತಿತ್ತು. ಅದರ ಮೇಲೆ ಕಪ್ಪು ಬಟ್ಟೆ ಇಳಿಬಿಟ್ಟಳು.

"ಏನಿದು ನಿನ್ನ ಅವತಾರ?" ಎಂದರು ಮಾಸ್ಟರ್.

"ಇನ್ನೊಂದು ಅಂಗಿ ಕೆಟ್ರೆ ಕೆಲಸದಿಂದ ತೆಗೆದುಬಿಡಿ ಸರ್. ಆದ್ರೆ ನನ್ನ ಕಣ್ಣಿನ ವಿಷಯ ನನಗೆ ಬಿಡಿ."

ಮಾಸ್ಟರ್ ಗೊಣಗುತ್ತ ಹೋದರು. ಆಮೇಲೆ ಅಂಗಿಗಳೇನೋ ಕೆಡಲಿಲ್ಲ. ಆದರೆ ಅಳತೆ ಕೊಡಲು ಬಂದ ಗಿರಾಕಿಯೊಬ್ಬರು ಅವಳನ್ನು ಕಂಡು ಲೊಚಗುಟ್ಟಿದರು. "ಪಾಪ, ಆ ಹುಡುಗೀನ ಯಾಕ್ರೀ ಗೋಡೆ ಕಡೆ ಕೂರಿಸಿದೀರಿ? ಏನು ತಪ್ಪು ಮಾಡಿದ್ಲು?"

"ನಾನೆಲ್ಲಿ ಕೂರಿಸ್ದೆ? ಬೆಳಕು ಕೊಟ್ರೆ ಬೇಡ ಅಂತಾಳೆ. ಹಠಮಾರಿ," ಎಂದರು ಮಾಸ್ಟರ್, ಟೇಪು ಬಿಚ್ಚುತ್ತ.

ತಿರುಗಿ ಇನ್ನೊಮ್ಮೆ ಮೊದಲಿಂದ ಹೇಳಲು ಅವಳಿಗೆ ಬೇಸರ ಬಂದಿತ್ತು. ನೂಲನ್ನು ಹಲ್ಲಿನಿಂದ ಕಡಿದು, ಮುಂದಿನ ಅಂಗಿ ಎತ್ತಿಕೊಂಡಳು.